ಪಿಕಪ್ ಗಾಡಿಯ ಹಿಂದಿನ ಟೈರ್ ಚಾಸಿಗೆ ಉಜ್ಜುತ್ತಿದ್ದರೆ ಕಾರಣ ಹುಡುಕುವುದು ಹೇಗೆ?

ಹಿಂದಿನ ಚಕ್ರದ ಒಳಗೆ ಟಾರ್ಚ್ ಬಿಟ್ಟು ನೋಡುತ್ತೀರಿ. ಚಾಸಿಯ ಮೇಲೆ ಒಂದು ಕಡೆ ಬಣ್ಣ ಕಿತ್ತುಹೋಗಿ ಕಬ್ಬಿಣ ಹೊಳೆಯುತ್ತಿದೆ. ಅದರ ಎದುರಿಗೇ ಟೈರಿನ ಒಳಬದಿಯಲ್ಲಿ ಸುತ್ತಲೂ ನುಣುಪಾದ ಪಟ್ಟಿ ಬಿದ್ದಿದೆ. ಹಳ್ಳಕ್ಕೆ ಇಳಿದಾಗ ಕೇಳುತ್ತಿದ್ದ ಆ 'ಚರ್' ಸದ್ದು, ಗಾಡಿ ನಿಲ್ಲಿಸಿದಾಗ ಬರುತ್ತಿದ್ದ ಸುಟ್ಟ ರಬ್ಬರ್ ವಾಸನೆ ಎಲ್ಲಿಂದ ಅಂತ ಈಗ ಗೊತ್ತಾಯಿತು.

ಇಲ್ಲಿಗೆ ಬಂದ ಮೇಲೆ ಕೆಲವರು ಚಾಸಿಯ ಅಂಚನ್ನು ಗ್ರೈಂಡರ್ ಹಿಡಿದು ಸವೆಸುತ್ತಾರೆ. ಇನ್ನು ಕೆಲವರು ಚಕ್ರದ ಹಿಂದೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಕೂರಿಸಿ ಟೈರನ್ನು ಹೊರಗೆ ತಳ್ಳುತ್ತಾರೆ. ದಯವಿಟ್ಟು ಎರಡೂ ಬೇಡ. ಕಂಪನಿಯಿಂದ ಬಂದ ಗಾಡಿಯಲ್ಲಿ ಟೈರಿಗೂ ಚಾಸಿಗೂ ನಡುವೆ ಬೇಕಾದಷ್ಟು ಸಂದು ಇರುತ್ತದೆ. ಅದು ಕಡಿಮೆಯಾಗಿದೆ ಅಂದರೆ ಆಮೇಲೆ ಹಾಕಿಸಿದ್ದು ಏನೋ ದೊಡ್ಡದಾಗಿದೆ, ಇಲ್ಲವೇ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸೆಲ್ ತನ್ನ ಜಾಗ ಬಿಟ್ಟು ಸರಿದಿದೆ. ಮೊದಲನೆಯದು ಖರ್ಚಿನ ವಿಷಯ, ಎರಡನೆಯದು ಜೀವದ ವಿಷಯ. ಯಾವುದು ಅಂತ ತಿಳಿಯದೆ ಸದ್ದು ಮಾತ್ರ ನಿಲ್ಲಿಸಿದರೆ, ಗಾಡಿ ಕೊಡುತ್ತಿದ್ದ ಎಚ್ಚರಿಕೆಯನ್ನೇ ಬಾಯಿ ಮುಚ್ಚಿಸಿದ ಹಾಗೆ ಆಗುತ್ತದೆ.

ಮುಂದೆ ಓಡಿಸಬಹುದಾ?

ಈ ಕೆಳಗಿನ ಯಾವುದಾದರೂ ಒಂದು ಕಂಡರೂ ಓಡಿಸಬೇಡಿ, ಗಾಡಿಯನ್ನು ಎತ್ತಿಸಿಕೊಂಡು ಹೋಗಿ:

- ಟೈರಿನ ಪಕ್ಕದಲ್ಲಿ ರಬ್ಬರ್ ಸವೆದು ಒಳಗಿನ ದಾರ ಕಾಣುತ್ತಿದೆ, ಅಥವಾ ಗುಳ್ಳೆಯ ಹಾಗೆ ಉಬ್ಬಿದೆ.
- ಕಮಾನ್ ಪಟ್ಟೆಗಳನ್ನು (ಗಾಡಿಯ ಭಾರ ಹೊರುವ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟೆಗಳು) ಆಕ್ಸೆಲಿಗೆ ಬಿಗಿದು ಹಿಡಿಯುವ ಯು-ಬೋಲ್ಟ್ ಸಡಿಲವಾಗಿದೆ, ಮುರಿದಿದೆ ಅಥವಾ ಓರೆಯಾಗಿದೆ.
- ಕಮಾನ್ ಪಟ್ಟೆಗಳಲ್ಲಿ ಎಲ್ಲಕ್ಕಿಂತ ಉದ್ದದ, ಮೇಲಿನ ಮುಖ್ಯ ಪಟ್ಟೆ ತುಂಡಾಗಿದೆ.
- ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಂಡಿದೆ, ಅಥವಾ ಬ್ರೇಕ್ ಪೈಪಿಗೆ ಟೈರ್ ತಾಗುತ್ತಿದೆ.
- ನೇರ ರಸ್ತೆಯಲ್ಲೂ ಸ್ಟೇರಿಂಗ್ ಓರೆ ಹಿಡಿಯಬೇಕಾಗಿದೆ, ಅದೂ ಇದ್ದಕ್ಕಿದ್ದಂತೆ ಶುರುವಾಗಿದೆ.

ಟೈರಿನ ಪಕ್ಕಕ್ಕೆ ಪಂಕ್ಚರ್ ಹಾಕಿದ ಹಾಗೆ ಪ್ಯಾಚ್ ಹಾಕಲು ಬರುವುದಿಲ್ಲ. ಓಡುವಾಗ ಮಡಿಚಿ ಬಿಚ್ಚುವ ಭಾಗ ಅದೇ. ದಾರ ಕಂಡ ಮೇಲೆ ಟೈರ್ ಬದಲಿಸಲೇಬೇಕು.

ಇನ್ನೊಂದು ಮಾತು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆಯನ್ನೂ ಹಾಕಬೇಡಿ. ಗಟ್ಟಿ ನೆಲ ಬೇಕು, ಚಾಸಿಯ ಕೆಳಗೆ ಸ್ಟ್ಯಾಂಡ್ ಬೇಕು. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ ಹಿಡಿಯುತ್ತದೆ. ಹಿಂಭಾಗ ಎತ್ತಿದರೆ ಆ ಹಿಡಿತ ಇದ್ದೂ ಇಲ್ಲದಂತೆ. ಹಾಗಾಗಿ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಅಡ್ಡ ಕೊಡಿ.

ಉಜ್ಜುತ್ತಿರುವುದು ನಿಜವಾಗಿ ಚಾಸಿಗೇನಾ?

ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಮಡ್‌ಫ್ಲಾಪ್ ಕ್ಲಿಪ್ ಬಿಟ್ಟು ಒಳಗೆ ಬಾಗಿರಬಹುದು. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಜೋತು ಬಿದ್ದಿರಬಹುದು. ಹ್ಯಾಂಡ್‌ಬ್ರೇಕ್ ಕೇಬಲ್ ಹುಕ್ಕಿನಿಂದ ಜಾರಿ ಟೈರಿಗೆ ತಾಗುತ್ತಿರಬಹುದು. ಚಾಸಿ ಮತ್ತು ಟೈರಿನ ನಡುವೆ ಒಣಗಿದ ಕೆಸರು ಕಲ್ಲಿನ ಹಾಗೆ ಕೂತಿರುವುದೂ ಉಂಟು. ಅದೂ ಟೈರನ್ನು ತಿನ್ನುತ್ತದೆ. ಮೊದಲು ನೀರು ಹಾಕಿ ಚೆನ್ನಾಗಿ ತೊಳೆದು ನೋಡಿ.

ತೊಳೆದ ಮೇಲೆ, ಅನುಮಾನ ಇರುವ ಕಡೆ ಚಾಸಿಗೆ ಸೀಮೆಸುಣ್ಣ ದಪ್ಪಗೆ ಬಳಿಯಿರಿ. ಕಮಾನ್ ಪಟ್ಟೆಯ ಅಂಚಿಗೂ, ಶಾಕ್ ಅಬ್ಸಾರ್ಬರ್ ಕೆಳಗಿನ ಬ್ರಾಕೆಟ್ಟಿಗೂ ಬಳಿಯಿರಿ. ಖಾಲಿ ಗಾಡಿಯನ್ನು ನಿಧಾನಕ್ಕೆ ಸ್ವಲ್ಪ ದೂರ ಓಡಿಸಿ. ಎಲ್ಲಿ ಸುಣ್ಣ ಹೋಗಿದೆಯೋ ಅಲ್ಲೇ ತಾಗುತ್ತಿದೆ. ಎಷ್ಟೋ ಗಾಡಿಗಳಲ್ಲಿ ಚಾಸಿಗಿಂತ ಮೊದಲು ಕಮಾನ್ ಪಟ್ಟೆಗೇ ತಾಗಿರುತ್ತದೆ.

ಹಾಗೇ ಸದ್ದಿನ ಲಯವನ್ನೂ ಕೇಳಿ. ಕಿಟಕಿ ಇಳಿಸಿ, ನಡೆಯುವ ವೇಗದಲ್ಲಿ ಹೋಗಿ. ಪಿಕಪ್ ಗಾಡಿಯ ಟೈರ್ ಒಂದು ಸುತ್ತಿಗೆ ಹೆಚ್ಚುಕಡಿಮೆ 2.4 ಮೀಟರ್ ಸಾಗುತ್ತದೆ. ಅಂದರೆ ಆ ವೇಗದಲ್ಲಿ ಒಂದು ಸುತ್ತಿಗೆ ಎರಡು ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಸದ್ದು ಸುತ್ತಿಗೊಮ್ಮೆ 'ಚರ್... ಚರ್...' ಅಂತ ಬಿಟ್ಟು ಬಿಟ್ಟು ಬಂದರೆ ತೊಂದರೆ ಚಕ್ರದಲ್ಲೇ ಇದೆ: ಟೈರ್ ಉಬ್ಬಿದೆ, ರಿಮ್ ಬೆಂಡಾಗಿದೆ ಅಥವಾ ಚಕ್ರದ ನಟ್ಟು ಸಡಿಲವಾಗಿದೆ. ಎಡೆಬಿಡದೆ ಬಂದರೆ ಸಂದು ಮುಚ್ಚಿಹೋಗಿದೆ ಎಂದರ್ಥ. ನಟ್ಟುಗಳನ್ನು ಸ್ಪ್ಯಾನರ್ ಹಾಕಿ ಈಗಲೇ ನೋಡಿಬಿಡಿ. ಎರಡು ನಿಮಿಷದ ಕೆಲಸ.

ಲೋಡ್ ಹಾಕಿದಾಗ ಮಾತ್ರ ಉಜ್ಜುತ್ತದೆ

ಖಾಲಿ ಇದ್ದಾಗ ಸದ್ದಿಲ್ಲ, ಸಾಮಾನು ತುಂಬಿದ ಮೇಲೆ ಹಳ್ಳದಲ್ಲಿ ಸದ್ದು. ಇಲ್ಲಿ ಮೊದಲ ಪ್ರಶ್ನೆ, ಎಷ್ಟು ತುಂಬಿದ್ದೀರಿ? ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಥವಾ ಬಾಗಿಲ ಅಂಚಿನಲ್ಲಿ ಚೀಟಿ ಇರುತ್ತದೆ. ಟೈರ್ ಸೈಜು, ಗಾಳಿ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಲೋಡಿನ ಮಿತಿ ಅಲ್ಲೇ ಇಲ್ಲದಿದ್ದರೆ ಗಾಡಿಯ ಪುಸ್ತಕದಲ್ಲಿ ಸಿಗುತ್ತದೆ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಅಳೆಯಿರಿ.

ಆದರೆ ಗಾಳಿ ತುಂಬಿಸಿದರೆ ಸರಿಹೋಗುತ್ತದೆ ಅಂತ ಜಾಸ್ತಿ ನಂಬಬೇಡಿ. ಗಾಳಿ ಕಡಿಮೆಯಾದಾಗ ಟೈರ್ ಉಬ್ಬುವುದು ನೆಲದ ಹತ್ತಿರ. ಚಾಸಿ ಇರುವುದು ಟೈರಿನ ಮೇಲಿನ ಭಾಗದ ಪಕ್ಕ. ತಿರುವಿನಲ್ಲಿ ಟೈರ್ ಪಕ್ಕಕ್ಕೆ ಬಾಗುವುದು ಹೆಚ್ಚಾಗುತ್ತದೆ ನಿಜ, ಆದರೆ ಬರೀ ಗಾಳಿಯ ಕೊರತೆಗೆ ಟೈರ್ ಚಾಸಿಗೆ ತಾಗುವುದು ಅಪರೂಪ.

ಆಮೇಲೆ ಬಂಪ್ ಸ್ಟಾಪ್ ನೋಡಿ. ಆಕ್ಸೆಲ್ ಮೇಲಕ್ಕೆ ಬಂದಾಗ ತಡೆಯಲು ಚಾಸಿಯ ಕೆಳಗೆ ಇರುವ ರಬ್ಬರ್ ಮುದ್ದೆ ಅದು. ಹರಿದುಹೋಗಿದ್ದರೆ ಆಕ್ಸೆಲ್ ಬರಬೇಕಾದ್ದಕ್ಕಿಂತ ಮೇಲೆ ಬರುತ್ತದೆ. ಖಾಲಿ ಗಾಡಿಯಲ್ಲೇ ಬಂಪ್ ಸ್ಟಾಪಿಗೂ ಆಕ್ಸೆಲಿಗೂ ಬೆರಳು ತೂರುವಷ್ಟೇ ಜಾಗ ಉಳಿದಿದ್ದರೆ ಕಮಾನ್ ಪಟ್ಟೆಗಳು ಸೋತಿವೆ. ಕಮಾನು ಕಮಾನಿನ ಹಾಗೆ ಇರದೆ ಹಲಗೆಯ ಹಾಗೆ ಚಪ್ಪಟೆಯಾಗಿರುವುದು ಪಕ್ಕದಿಂದ ನೋಡಿದರೇ ಕಾಣುತ್ತದೆ.

ಟೈರ್ ಅಥವಾ ರಿಮ್ ಬದಲಿಸಿದ ಮೇಲೆ ಶುರುವಾಯಿತು

ಎರಡೂ ಕಡೆ ಒಂದೇ ಥರ ಉಜ್ಜುತ್ತಿದ್ದರೆ ಲೆಕ್ಕ ಹಾಕಿದರೆ ಸಾಕು, ಗಾಡಿಯ ಕೆಳಗೆ ಹೋಗುವುದೂ ಬೇಡ.

ಟೈರ್ ಮೇಲಿನ ಮೊದಲ ಅಂಕಿ ಅದರ ಅಗಲ, ಮಿಲಿಮೀಟರಿನಲ್ಲಿ. 245 ಇದ್ದ ಕಡೆ 265 ಹಾಕಿದರೆ 20 ಮಿ.ಮೀ. ಜಾಸ್ತಿ. ಅದರಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ. ಹಾಗಾಗಿ ಚಾಸಿ ಕಡೆ 10 ಮಿ.ಮೀ. ಹೋಯಿತು. ಎತ್ತರವೂ ಬದಲಾಗುತ್ತದೆ: 245/70 ಆರ್16 ಟೈರಿನ ವ್ಯಾಸ ಸುಮಾರು 749 ಮಿ.ಮೀ., 265/70 ಆರ್16ರದ್ದು ಸುಮಾರು 777.

ಇದಕ್ಕಿಂತ ಹೆಚ್ಚು ಮೋಸ ಹೋಗುವುದು ರಿಮ್ಮಿನ ಆಫ್‌ಸೆಟ್‌ನಲ್ಲಿ, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎನ್ನುವುದರಲ್ಲಿ. ರಿಮ್ಮಿನ ಹಿಂದೆ 'ಇಟಿ' (ET) ಅಂತ ಎರಡು ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಆ ಅಂಕಿ ಹೆಚ್ಚಾದಷ್ಟೂ ಚಕ್ರ ಒಳಗೆ ಸರಿಯುತ್ತದೆ. ಮೊದಲು 30 ಇದ್ದು ಈಗ 45 ಆಗಿದ್ದರೆ 15 ಮಿ.ಮೀ. ಒಳಗೆ. ಟೈರಿನ ಅಗಲದ 10 ಸೇರಿಸಿ. ಒಟ್ಟು 25 ಮಿ.ಮೀ., ಅಂದರೆ ಸುಮಾರು ಒಂದು ಇಂಚು. ನೋಡಲು ಎರಡು ರಿಮ್ಮೂ ಒಂದೇ ಥರ ಇರುತ್ತವೆ, ಬೋಲ್ಟ್ ತೂತುಗಳೂ ಸರಿಯಾಗಿ ಕೂರುತ್ತವೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಇದಕ್ಕೆ ಮದ್ದು ಸರಿಯಾದ ಆಫ್‌ಸೆಟ್ ಇರುವ ರಿಮ್, ಗಾಡಿಗೆ ಹೇಳಿದ ಸೈಜಿನ ಟೈರ್. ಸ್ಪೇಸರ್ ಹಾಕಿದರೆ ಚಕ್ರದ ಬೇರಿಂಗ್ ಮತ್ತು ಬೋಲ್ಟುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಲೋಡ್ ಹೊರುವ ಗಾಡಿಗೆ ನಾನಂತೂ ಹೇಳುವುದಿಲ್ಲ.

ಒಂದೇ ಕಡೆ ಉಜ್ಜುತ್ತದೆ, ಏನೂ ಬದಲಿಸಿಲ್ಲ

ಇಲ್ಲಿ ಸಾವಧಾನ ಬೇಕು. ಒಂದೇ ಕಡೆ ಅಂದ ತಕ್ಷಣ ಟೈರನ್ನು ಬಿಡಿ, ಆಕ್ಸೆಲನ್ನು ಅನುಮಾನಿಸಿ.

ಒಂದು ಅಳತೆ ಟೇಪ್ ಸಾಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಸ್ಟೇರಿಂಗ್ ಅಲ್ಲ, ಮುಂದಿನ ಚಕ್ರಗಳೇ ನೇರ ಇರಬೇಕು. ಜಾಕ್ ಹಾಕಬೇಡಿ. ಚಾಸಿ ಎತ್ತಿದರೆ ಆಕ್ಸೆಲ್ ಜೋತುಬಿದ್ದು ಅಳತೆಯೆಲ್ಲ ತಪ್ಪುತ್ತದೆ. ಭಾರ ಚಕ್ರಗಳ ಮೇಲೇ ಇರಲಿ.

ಮೊದಲ ಅಳತೆ: ಟೈರಿನ ಒಳಬದಿಯಿಂದ ಚಾಸಿಗೆ ಎಷ್ಟು ಸಂದು ಅಂತ ಎರಡೂ ಕಡೆ ನೋಡಿ. ಬಲಗಡೆ 18 ಮಿ.ಮೀ., ಎಡಗಡೆ 42 ಮಿ.ಮೀ. ಬಂತು ಅಂದುಕೊಳ್ಳಿ. ಒಟ್ಟು 60, ತಲಾ 30 ಇರಬೇಕಿತ್ತು. ಆಕ್ಸೆಲ್ 12 ಮಿ.ಮೀ. ಎಡಕ್ಕೆ ಜರುಗಿದೆ. ಎಡಕ್ಕೆ ಹೋದರೆ ಸಂದು ಮುಚ್ಚುವುದು ಬಲಗಡೆ, ಇದನ್ನು ಮರೆಯಬೇಡಿ. ಒಂದೆರಡು ಮಿ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎರಡನೇ ಅಳತೆ: ಮುಂದಿನ ಚಕ್ರದ ನಡು ಬಿಂದುವಿನಿಂದ ಹಿಂದಿನ ಚಕ್ರದ ನಡು ಬಿಂದುವಿಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರನ್ನಾದರೂ ಕರೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಕಡೆ 10 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೊಮ್ಮೆ ಅಳೆಯಿರಿ. ಆಗಲೂ ಅಷ್ಟೇ ಬಂದರೆ ಆಕ್ಸೆಲ್ ಓರೆಯಾಗಿದೆ ಅಂದುಕೊಂಡೇ ಮುಂದುವರಿಯಿರಿ.

ಚಾಸಿ ಮೇಲಿನ ಗುರುತು ಕೂಡ ಮಾತಾಡುತ್ತದೆ. ಆಕ್ಸೆಲಿನ ಒಂದು ತುದಿ ಹಿಂದಕ್ಕೆ ಸರಿದರೆ ಆ ಕಡೆಯ ಟೈರಿನ ಹಿಂಭಾಗ ಚಾಸಿ ಕಡೆ ತಿರುಗುತ್ತದೆ, ಎದುರು ಕಡೆಯ ಟೈರಿನ ಮುಂಭಾಗ ಚಾಸಿ ಕಡೆ ತಿರುಗುತ್ತದೆ. ಗುರುತು ಚಕ್ರದ ನಡುಭಾಗದ ಮುಂದಿದೆಯೋ ಹಿಂದಿದೆಯೋ ನೋಡಿದರೆ ಓರೆ ಯಾವ ದಿಕ್ಕಿಗೆ ಅಂತ ಗೊತ್ತಾಗುತ್ತದೆ. ಆದರೆ ಸರಿದದ್ದು ಯಾವ ತುದಿ ಎನ್ನುವುದನ್ನು ಗುರುತು ಹೇಳುವುದಿಲ್ಲ. ಅದಕ್ಕೆ ಗಾಡಿಯ ಪುಸ್ತಕದಲ್ಲಿರುವ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡು ಬಿಂದುಗಳ ಅಂತರ) ಅಂಕಿಯ ಜೊತೆ ನೀವು ಎಡಕ್ಕೂ ಬಲಕ್ಕೂ ತೆಗೆದ ಎರಡನೇ ಅಳತೆ ಹೋಲಿಸಬೇಕು. ಒದ್ದೆ ನೆಲದ ಮೇಲೆ ನೇರವಾಗಿ ಓಡಿಸಿ ನೋಡಿದರೂ ಸುಳಿವು ಸಿಗುತ್ತದೆ. ಹಿಂದಿನ ಟೈರಿನ ಜಾಡು ಮುಂದಿನದಕ್ಕಿಂತ ಎರಡೂ ಕಡೆ ಒಂದೇ ದಿಕ್ಕಿಗೆ ಸರಿದಿದ್ದರೆ ಗಾಡಿ ಏಡಿಯ ಹಾಗೆ ಓರೆ ಓಡುತ್ತಿದೆ.

ಇನ್ನು ಕಾರಣಕ್ಕೆ ಬರೋಣ. ಕಮಾನ್ ಪಟ್ಟೆಗಳ ನಡುವೆ ತೂರಿರುವ ಸೆಂಟರ್ ಬೋಲ್ಟಿನ ತಲೆ ಆಕ್ಸೆಲ್ ಮೇಲಿನ ಪೀಠದ ತೂತಿನಲ್ಲಿ ಕೂರುತ್ತದೆ. ಅದರ ಕೆಲಸ ಆಕ್ಸೆಲಿಗೆ ಜಾಗ ತೋರಿಸುವುದು. ಒತ್ತಿ ಹಿಡಿಯುವ ಕೆಲಸ ಯು-ಬೋಲ್ಟುಗಳದ್ದು. ಯು-ಬೋಲ್ಟ್ ಸಡಿಲವಾದಾಗ ಬ್ರೇಕಿನ ಎಳೆತ, ಇಂಜಿನ್ನಿನ ತಳ್ಳಾಟ ಎಲ್ಲವೂ ಆ ಸಣ್ಣ ಬೋಲ್ಟಿನ ಮೇಲೆ ಬೀಳುತ್ತದೆ. ಒಂದು ದಿನ ಅದು ಕತ್ತರಿಸಿ ಹೋಗುತ್ತದೆ. ಆಮೇಲೆ ಆಕ್ಸೆಲ್ ತನಗೆ ಬಂದ ಹಾಗೆ ಜಾರುತ್ತದೆ.

ಪರಿಚಯದವರೊಬ್ಬರ ಗಾಡಿಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಅವರು ಆಗಲೇ ಒಂದು ಟೈರ್ ಬದಲಿಸಿದ್ದರು, ಹೊಸದೂ ಸವೆಯತೊಡಗಿತ್ತು. ತಂತಿ ಬ್ರಷ್ಷಿನಿಂದ ಮಣ್ಣು ತೆಗೆದು ಟಾರ್ಚ್ ಹಿಡಿದೆವು. ಪೀಠ ಮತ್ತು ಪಟ್ಟೆ ಸೇರುವ ಗೆರೆಯಲ್ಲಿ ಕುಂಕುಮದ ಹಾಗೆ ನುಣ್ಣನೆಯ ಕೆಂಪು ತುಕ್ಕಿನ ಪುಡಿ ಇತ್ತು. ಅದರ ಪಕ್ಕ ಪೀಠದ ಮೇಲೆ ಬೆರಳಗಲದ ಒಂದು ಹೊಳಪು, ಚಂದ್ರನ ತುಣುಕಿನ ಆಕಾರ. ಉಳಿದದ್ದೆಲ್ಲ ಕಪ್ಪು. ಪಟ್ಟೆ ಇಷ್ಟು ದಿನ ಮುಚ್ಚಿಕೊಂಡಿದ್ದ ಜಾಗ ಅದು, ಈಗ ಬಯಲಾಗಿತ್ತು. ಅಳೆದರೆ ಎಡಕ್ಕೂ ಬಲಕ್ಕೂ 23 ಮಿ.ಮೀ. ವ್ಯತ್ಯಾಸ. ಟೈರ್ ಅಂಗಡಿಯಲ್ಲಿ ಯಾರೂ ಬಗ್ಗಿ ನೋಡಿರಲಿಲ್ಲ.

ನೀವು ಹುಡುಕಬೇಕಾದದ್ದು ಇವೇ: ಕೆಂಪು ಪುಡಿ, ಹೊಸ ಹೊಳಪು, ಓರೆ ನಿಂತ ಯು-ಬೋಲ್ಟ್, ಗಾಡಿ ಹೊರಡುವಾಗ ಮತ್ತು ಬ್ರೇಕ್ ಒತ್ತುವಾಗ ಹಿಂದಿನಿಂದ 'ಟಕ್' ಎಂಬ ಸದ್ದು. ಇವು ಕಂಡರೆ ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಯು-ಬೋಲ್ಟ್ ನೀವೇ ಬಿಚ್ಚಬೇಡಿ. ಒತ್ತಿದ ಕಮಾನ್ ಪಟ್ಟೆಯಲ್ಲಿ ತುಂಬಾ ಬಲ ಅಡಗಿರುತ್ತದೆ, ಸಿಡಿದರೆ ಕೈ ಮುರಿಯುತ್ತದೆ. ಗ್ಯಾರೇಜಿನಲ್ಲಿ ಸೆಂಟರ್ ಬೋಲ್ಟ್ ಮಾತ್ರ ಬದಲಿಸಿ ಕಳಿಸಲು ಬಿಡಬೇಡಿ. ಯು-ಬೋಲ್ಟುಗಳೂ ಹೊಸದು ಬೇಕು. ಒಮ್ಮೆ ಬಿಗಿದು ಹಿಗ್ಗಿದವು ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಪೀಠದ ತೂತು ಅಗಲವಾಗಿದ್ದರೆ ಅದನ್ನೂ ಸರಿಮಾಡಿಸಿ. ಆಕ್ಸೆಲ್ ಜಾರಿದ್ದ ಗಾಡಿಯಲ್ಲಿ ಬ್ರೇಕ್ ಹೋಸ್, ಎಬಿಎಸ್ ವೈರ್, ಪ್ರೊಪೆಲರ್ ಶಾಫ್ಟ್ ಇವನ್ನೂ ನೋಡಲು ಹೇಳಿ.

ಗಾಡಿ ಒಂದು ಕಡೆ ಕೂತಂತಿದೆ

ಹಿಂದೆ ನಿಂತು ನೋಡಿದರೆ ಒಂದು ಮೂಲೆ ತಗ್ಗು. ಚಕ್ರದ ನಡುವಿನಿಂದ ಮೇಲಿನ ಬಾಡಿ ಅಂಚಿನವರೆಗೆ ಎರಡೂ ಕಡೆ ಅಳೆದು ಖಚಿತ ಮಾಡಿಕೊಳ್ಳಿ.

ಪಟ್ಟೆ ತುಂಡಾಗಿರುವುದು ಮೊದಲ ಅನುಮಾನ. ಪಟ್ಟೆಗಳನ್ನು ಒಂದೊಂದಾಗಿ ಕೊನೆಯವರೆಗೂ ನೋಡಿ. ಬಿರುಕು ಯು-ಬೋಲ್ಟಿನ ಹತ್ತಿರ ಅಡಗಿರುತ್ತದೆ, ಮಣ್ಣು ಇದ್ದರೆ ಕಾಣುವುದೇ ಇಲ್ಲ. ಹೊಸ ಒಡಕು ಬೂದು ಬಣ್ಣ, ಹಳೆಯದು ತುಕ್ಕು ಬಣ್ಣ. ಕಂಪನಿಯ ಪಟ್ಟೆ ಮುರಿಯುವುದಿಲ್ಲ ಅಂತ ಅಂದುಕೊಳ್ಳಬೇಡಿ. 2014ರಲ್ಲಿ ಟೊಯೋಟಾ ತನ್ನ 2005ರಿಂದ 2011ರ ಮಾದರಿಯ ಟಕೋಮಾ ಪಿಕಪ್‌ಗಳಲ್ಲಿ ಸುಮಾರು 6,90,000 ಗಾಡಿಗಳನ್ನು ಹಿಂದಿನ ಕಮಾನ್ ಪಟ್ಟೆ ಬಿರುಕು ಬಿಡಬಹುದೆಂಬ ಕಾರಣಕ್ಕೇ ವಾಪಸ್ ಕರೆದಿತ್ತು. ನಿಮ್ಮ ಗಾಡಿಯ ಚಾಸಿ ನಂಬರ್ ಕೊಟ್ಟು ಇಂಥ ರಿಕಾಲ್ ಏನಾದರೂ ಬಾಕಿ ಇದೆಯಾ ಅಂತ ಡೀಲರ್ ಹತ್ತಿರ ಕೇಳಿ. ಇದ್ದರೆ ಬಿಟ್ಟಿಯಾಗಿ ಸರಿಮಾಡಿಕೊಡುತ್ತಾರೆ.

ಪಟ್ಟೆ ಸರಿ ಇದ್ದರೆ ಶಾಕಲ್ ಮತ್ತು ಹ್ಯಾಂಗರ್ ನೋಡಿ. ಪಟ್ಟೆಯ ತುದಿಗಳನ್ನು ಚಾಸಿಗೆ ಹಿಡಿದಿರುವ ಭಾಗಗಳಿವು. ತುಕ್ಕು ಹೆಚ್ಚಿರುವ ಕಡೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ 'ಟಣ್' ಅನ್ನುತ್ತದೆ. ಒಳಗೆ ತಿಂದು ಹಾಕಿದ್ದರೆ 'ದಬ್' ಅನ್ನುತ್ತದೆ, ಪೊರೆ ಪೊರೆಯಾಗಿ ಉದುರುತ್ತದೆ. ಸುತ್ತಿಗೆಯ ಮೂತಿ ಒಳಗೆ ಹೋದರೆ ಆ ಗಾಡಿಯನ್ನು ಅಲ್ಲಿಂದ ಕದಲಿಸಬೇಡಿ.

ತಿರುವಿನಲ್ಲಿ ಮಾತ್ರ ಉಜ್ಜುತ್ತದೆ

ಎಡಕ್ಕೆ ತಿರುಗುವಾಗ ಗಾಡಿಯ ಬಾಡಿ ಬಲಕ್ಕೆ ವಾಲುತ್ತದೆ, ಬಲಗಡೆ ಚಾಸಿ ಬಲ ಟೈರಿನ ಹತ್ತಿರ ಬರುತ್ತದೆ. ಇದು ಅತಿಯಾದರೆ ಪಟ್ಟೆಯ ತುದಿಯಲ್ಲಿ ಕೂರುವ ರಬ್ಬರ್ ತುಂಡು, ಅಂದರೆ ಬುಷ್, ಸವೆದಿದೆ. ಬುಷ್ ರಬ್ಬರ್ ಬಿರುಕು ಬಿಟ್ಟು ಹೊರಗೆ ಹಿಸುಕಿಕೊಂಡು ಬಂದಿರುತ್ತದೆ. ಒಂದು ಕಬ್ಬಿಣದ ಸಲಾಕೆ ಹಾಕಿ ಮೀಟಿದರೆ ಪಟ್ಟೆ ಪಕ್ಕಕ್ಕೆ ಅಲ್ಲಾಡುವುದು ಕಾಣುತ್ತದೆ.

ಬೇರಿಂಗ್ ನೋಡಲು ಚಕ್ರ ಎತ್ತಬೇಕು. ಸ್ಟ್ಯಾಂಡ್ ಕೊಟ್ಟ ಮೇಲೆ ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. 'ಕಟಕಟ' ಅಂದರೆ ಬೇರಿಂಗ್ ಹೋಗಿದೆ. ವೇಗ ಹೆಚ್ಚಿದಂತೆ ಹೆಚ್ಚುವ ಗುಂಯ್ ಸದ್ದು ಜೊತೆಗಿದ್ದರೆ ಬೇರೆ ಸಾಕ್ಷಿ ಬೇಡ. ಇದನ್ನು ಮುಂದೂಡಬೇಡಿ.

ಗಾಡಿ ಎತ್ತರಿಸಿದ ಮೇಲೆ ಶುರುವಾಯಿತು

ಕಮಾನ್ ಪಟ್ಟೆಯ ಗಾಡಿಗೆ ಪಟ್ಟೆ ಮತ್ತು ಆಕ್ಸೆಲಿನ ನಡುವೆ ಬ್ಲಾಕ್ (ಲೋಹದ ದಿಮ್ಮಿ) ಹಾಕಿ ಎತ್ತರಿಸಿದ್ದರೆ, ಬ್ಲಾಕಿನ ಮೊಳೆ ಪೀಠದ ತೂತಿನಲ್ಲಿ ಕೂತಿದೆಯಾ ನೋಡಿ. ಕೂರದೆ ಬಿಗಿದಿದ್ದರೆ ಆಕ್ಸೆಲ್ ಮೊದಲ ದಿನದಿಂದಲೇ ಓರೆ.

ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗಳ ಕಥೆ ಬೇರೆ. ಅವುಗಳಲ್ಲಿ ಆಕ್ಸೆಲ್ ಪಕ್ಕಕ್ಕೆ ಹೋಗದಂತೆ ಹಿಡಿಯುವುದು ಪ್ಯಾನ್‌ಹಾರ್ಡ್ ರಾಡ್. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸೆಲಿಗೆ. ರಾಡ್ ಉದ್ದ ಬದಲಾಗುವುದಿಲ್ಲ, ಗಾಡಿ ಎತ್ತರಿಸಿದರೆ ಅದು ಇನ್ನಷ್ಟು ಇಳಿಜಾರಾಗುತ್ತದೆ, ಆಕ್ಸೆಲನ್ನು ತನ್ನ ಚಾಸಿ ತುದಿಯ ಕಡೆ ಎಳೆಯುತ್ತದೆ. ರಾಡ್ 900 ಮಿ.ಮೀ. ಇದ್ದು, ಎರಡು ತುದಿಗಳ ಎತ್ತರದ ವ್ಯತ್ಯಾಸ 100ರಿಂದ 150 ಮಿ.ಮೀ.ಗೆ ಏರಿದರೆ ಆಕ್ಸೆಲ್ ಸುಮಾರು 7 ಮಿ.ಮೀ. ಜರುಗುತ್ತದೆ. ಅಗಲದ ಟೈರ್ ಜೊತೆಗಿದ್ದರೆ ಅಷ್ಟೇ ಸಾಕು. ಉದ್ದ ಹೊಂದಿಸಬಹುದಾದ ರಾಡ್ ಹಾಕಿಸಿದರೆ ಸರಿಹೋಗುತ್ತದೆ. ಎತ್ತರಿಸದ ಗಾಡಿಯಲ್ಲೂ ಈ ರಾಡಿನ ಬುಷ್ ಹೋದರೆ, ಬ್ರಾಕೆಟ್ ಬಿರುಕು ಬಿಟ್ಟರೆ ಇದೇ ತೊಂದರೆ.

ಎಲ್ಲ ಸರಿ ಇದ್ದರೂ ಅಳತೆ ತಪ್ಪುತ್ತಿದೆ

ಪಟ್ಟೆ, ಬೋಲ್ಟ್, ಬುಷ್ ಯಾವುದರಲ್ಲೂ ದೋಷವಿಲ್ಲ, ಆದರೂ ಎಡ ಬಲ ಹೊಂದುತ್ತಿಲ್ಲ. ಆಗ ಚಾಸಿಯೇ ಬೆಂಡಾಗಿರಬಹುದು, ಅಥವಾ ಆಕ್ಸೆಲ್ ಹೌಸಿಂಗ್ ಬಾಗಿರಬಹುದು. ಹಳೆಯ ಗಾಡಿ ಕೊಂಡವರು ಇದನ್ನು ವಿಶೇಷವಾಗಿ ನೆನಪಿಡಿ, ಹಿಂದಿನ ಅಪಘಾತದ ಕಥೆ ಯಾರೂ ಹೇಳಿರುವುದಿಲ್ಲ. ಚಾಸಿಯ ಮೇಲೆ ಸುಕ್ಕು, ಹೊಸ ವೆಲ್ಡಿಂಗ್ ಅಥವಾ ಒಂದೇ ಕಡೆ ಹೊಸ ಬಣ್ಣ ಇದೆಯಾ ನೋಡಿ. ಇದಕ್ಕೆ ಚಾಸಿ ಅಳೆಯುವ ಸಲಕರಣೆ ಇರುವ ಕಡೆಗೇ ಹೋಗಬೇಕು. ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ ಹಿಂದಿನ ಆಕ್ಸೆಲಿನ ಓರೆ ಎಷ್ಟು ಅಂತ ಬರೆದ ಚೀಟಿ ಕೇಳಿ ಪಡೆಯಿರಿ.

ರಿಪೇರಿ ಆದ ಮೇಲೆ

ಗ್ಯಾರೇಜಿನಿಂದ ಹೊರಡುವ ಮೊದಲು ಅದೇ ಎರಡು ಅಳತೆ ಮತ್ತೆ ತೆಗೆಯಿರಿ, ಅಂಕಿಗಳನ್ನು ಬರೆದಿಡಿ. ಹೊಸ ಯು-ಬೋಲ್ಟುಗಳು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸ್ವಲ್ಪ ಸಡಿಲವಾಗುತ್ತವೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ ಮತ್ತೆ ಬಿಗಿಸಲು ಹೋಗಲೇಬೇಕು. ಈ ಸಡಿಲದಿಂದಲೇ ಎಲ್ಲ ಶುರುವಾಗಿದ್ದು ಅಲ್ವಾ?

ಚಾಸಿಯ ಮೇಲೆ ಉಜ್ಜಿ ಹೊಳಪಾದ ಜಾಗವನ್ನು ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಉಪ್ಪುಕಾಗದ ಹಾಕಿ ತಿಕ್ಕಿ, ಪ್ರೈಮರ್ ಹಚ್ಚಿ, ಮೇಲೆ ಬಿಳಿ ಬಣ್ಣ ಬಳಿಯಿರಿ. ಕಪ್ಪು ಬೇಡ, ಬಿಳಿಯೇ ಇರಲಿ. ಮುಂದೆ ಪ್ರತಿ ಸಲ ಗಾಳಿ ಹಿಡಿಸುವಾಗ ಟಾರ್ಚ್ ಬಿಟ್ಟು ಆ ಜಾಗ ನೋಡಿ. ಬಿಳಿಯ ಮೇಲೆ ಕಪ್ಪು ಗೆರೆ ಬಿದ್ದಿದ್ದರೆ ಬರೆದಿಟ್ಟ ಅಂಕಿಗಳನ್ನು ತೆಗೆದು ಅವತ್ತೇ ಮತ್ತೆ ಅಳೆಯಿರಿ.